ಬಿಸಿ ಪೈಪ್ ಹಿಗ್ಗಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಬೆ, ಬಿಸಿ ಎಣ್ಣೆ, ಫರ್ನೇಸಿನಿಂದ ಹೊರಬರುವ ಗ್ಯಾಸ್ ಹರಿಯುವ ಪೈಪುಗಳ ಜೊತೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಕೂತು ಲೆಕ್ಕ ಹಾಕಬೇಕು.

ಪೈಪ್ ಅಸಲಿಗೆ ಎಷ್ಟು ಹಿಗ್ಗುತ್ತದೆ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಲೆಕ್ಕ ಸುಲಭ. ಪೈಪಿನ ಉದ್ದ, ಬಿಸಿ ಎಷ್ಟು ಡಿಗ್ರಿ ಏರಿತು, ಆ ಲೋಹದ ಹಿಗ್ಗುವ ಗುಣಾಂಕ, ಈ ಮೂರನ್ನೂ ಗುಣಿಸಿದರೆ ಆಯಿತು. ಕಾರ್ಬನ್ ಸ್ಟೀಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಬೆಳೆಯುತ್ತದೆ. ಕೇಳಲು ಏನೇನೂ ಅಲ್ಲ. ಆದರೆ 20 ಡಿಗ್ರಿಯಿಂದ 300 ಡಿಗ್ರಿಗೆ ಹೋದಾಗ ಒಂದು ಮೀಟರ್ ಪೈಪ್ ಸುಮಾರು 3.6 ಮಿಲಿಮೀಟರ್ ಬೆಳೆದಿರುತ್ತದೆ. ಬಿಸಿ ಏರಿದಂತೆ ಗುಣಾಂಕವೂ ಸ್ವಲ್ಪ ಏರುತ್ತದೆ. ಹಾಗಾಗಿ ಎಲ್ಲಾ ಕಡೆ 12 ಹಿಡಿದು ಗುಣಿಸಬೇಡಿ, ಕೋಡಿನ (ಪೈಪ್ ವಿನ್ಯಾಸದ ನಿಯಮಪುಸ್ತಕ) ಪಟ್ಟಿ ನೋಡಿ. 100 ಮೀಟರ್ ಲೈನ್ ಆದರೆ 350 ಮಿಲಿಮೀಟರ್ ದಾಟುತ್ತದೆ. ಅಂದರೆ ಒಂದು ಅಡಿಗಿಂತ ಜಾಸ್ತಿ.

ಏರಿಕೆಯನ್ನು ಎಲ್ಲಿಂದ ಲೆಕ್ಕ ಹಾಕುವುದು ಅನ್ನುವುದರಲ್ಲಿ ಕೆಲವರು ಎಡವುತ್ತಾರೆ. ಸೊನ್ನೆಯಿಂದಲ್ಲ, ಪೈಪನ್ನು ಜೋಡಿಸಿದ ದಿನದ ಬಿಸಿಯಿಂದ. ಇನ್ನೊಂದು ತುದಿಯಲ್ಲಿ ಬರೀ ಓಡುವಾಗಿನ ಬಿಸಿ ನೋಡಿದರೂ ಸಾಲದು. ತಣ್ಣಗಿನ ಪದಾರ್ಥ ಹರಿಯುವ ಲೈನನ್ನು ತೊಳೆಯಲು ವರ್ಷಕ್ಕೊಮ್ಮೆ ಹಬೆ ಬಿಟ್ಟರೆ, ಅದರ ಜೀವನದ ಅತಿ ಕಷ್ಟದ ದಿನ ಅದೇ ಇರಬಹುದು.

ಇಷ್ಟು ದಪ್ಪ ಬೀಮ್ ಇದೆ. ಎರಡೂ ತುದಿ ಗಟ್ಟಿಯಾಗಿ ವೆಲ್ಡ್ ಮಾಡಿದರೆ ಪೈಪ್ ಸುಮ್ನೆ ಇರಲ್ವಾ?

ಇರಲ್ಲ. ಈ ಪ್ರಶ್ನೆ ಕೇಳಿದವರ ಮುಂದೆ ನಾನು ಯಾವಾಗಲೂ ಇದೇ ಲೆಕ್ಕ ಹಾಕಿ ತೋರಿಸುತ್ತೇನೆ.

ಎರಡೂ ತುದಿ ಒಂಚೂರೂ ಅಲುಗದಂತೆ ಹಿಡಿದ ನೇರ ಪೈಪಿನಲ್ಲಿ ಹುಟ್ಟುವ ಸ್ಟ್ರೆಸ್ (ಲೋಹದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಬಲ) ಅಂದರೆ ಲೋಹದ ಇಲಾಸ್ಟಿಕ್ ಮಾಡ್ಯುಲಸ್ (ಲೋಹ ಎಷ್ಟು ಗಡಸು ಅನ್ನುವ ಅಳತೆ), ಹಿಗ್ಗುವ ಗುಣಾಂಕ, ಬಿಸಿ ಏರಿಕೆ, ಇವುಗಳ ಗುಣಲಬ್ಧ. ಉಕ್ಕಿಗೆ ಮಾಡ್ಯುಲಸ್ ಸುಮಾರು 2,00,000 ಮೆಗಾಪ್ಯಾಸ್ಕಲ್. ಅದನ್ನು ಗುಣಿಸಿದರೆ ಪ್ರತಿ ಡಿಗ್ರಿಗೆ 2.4 ಮೆಗಾಪ್ಯಾಸ್ಕಲ್ ಬರುತ್ತದೆ. ಬರೀ 100 ಡಿಗ್ರಿ ಏರಿದರೆ 240. ಮಾಮೂಲಿ ಎ106 ಗ್ರೇಡ್ ಬಿ ಕಾರ್ಬನ್ ಸ್ಟೀಲ್ ಪೈಪಿನ ಯೀಲ್ಡ್ ಸಾಮರ್ಥ್ಯವೂ (ಲೋಹ ಶಾಶ್ವತವಾಗಿ ಬಿಟ್ಟುಕೊಡಲು ಶುರುಮಾಡುವ ಸ್ಟ್ರೆಸ್) ಹೆಚ್ಚು ಕಮ್ಮಿ ಅಷ್ಟೇ. ಅಂದರೆ ನೀರು ಕುದಿಯುವಷ್ಟು ಬಿಸಿ ಏರಿದರೆ ಸಾಕು, ಪೈಪ್ ತನ್ನ ಮಿತಿ ಮುಟ್ಟಿರುತ್ತದೆ.

ಈಗ ಬಲ ನೋಡಿ. 6 ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪಿನ ಲೋಹದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3,600 ಚದರ ಮಿಲಿಮೀಟರ್. ಆ 240ರಿಂದ ಗುಣಿಸಿದರೆ 85 ಟನ್ನಿನ ಮೇಲೆ. ನಿಮ್ಮ ಬೀಮ್ ಇದಕ್ಕೆ ಅಂತ ಮಾಡಿದ್ದಲ್ಲ. ಒಂದೋ ವೆಲ್ಡ್ ಕಿತ್ತುಬರುತ್ತದೆ, ಇಲ್ಲ ಬೀಮ್ ತಿರುಚುತ್ತದೆ, ಇಲ್ಲ ಪೈಪೇ ಪಕ್ಕಕ್ಕೆ ಹಾವಿನಂತೆ ಬಾಗುತ್ತದೆ. ದಪ್ಪ ಪೈಪ್ ಹಾಕಿದರೆ ಬಲ ಇನ್ನೂ ಹೆಚ್ಚುತ್ತದೆ, ಕಮ್ಮಿ ಆಗಲ್ಲ. ಪೈಪ್ ಹಿಗ್ಗಿಯೇ ತೀರುತ್ತದೆ. ಎತ್ತ ಕಡೆ ಹಿಗ್ಗಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ.

ನಮ್ಮದು ಬರೀ ಎರಡು ಮೀಟರಿನ ಪೈಪ್. ಇದಕ್ಕೂ ಯೋಚನೆ ಬೇಕಾ?

ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಸ್ಟ್ರೆಸ್ಸಿನಲ್ಲಿ ಉದ್ದ ಬರುವುದೇ ಇಲ್ಲ. ಎರಡು ಮೀಟರಾಗಲಿ ಇನ್ನೂರು ಮೀಟರಾಗಲಿ, ಅದೇ 85 ಟನ್. ಎರಡು ಗಟ್ಟಿ ನಾಝಲ್‌ಗಳ (ಪಂಪ್, ಟ್ಯಾಂಕಿನಂಥವಕ್ಕೆ ಪೈಪ್ ಸೇರುವ ಬಾಯಿ) ನಡುವೆ ಹಾಕಿದ ಗಿಡ್ಡ ನೇರ ತುಂಡು ಉದ್ದದ ಲೈನಿಗಿಂತ ಅಪಾಯ. ಉದ್ದದ್ದಕ್ಕೆ ಪಕ್ಕಕ್ಕೆ ಬಾಗಲಾದರೂ ಬರುತ್ತದೆ.

ಹಾಗಾದರೆ ಹಿಗ್ಗಲು ಜಾಗ ಕೊಡುವುದು ಹೇಗೆ?

ಪೈಪಿಗೆ ತಿರುವು ಕೊಡಿ. ಅಷ್ಟೇ. ಒಂದು ಕಾಲು (ತಿರುವಿನ ಒಂದು ಬದಿಯ ನೇರ ಪೈಪ್) ಹಿಗ್ಗಿದಾಗ ಅದಕ್ಕೆ ಅಡ್ಡವಾಗಿರುವ ಇನ್ನೊಂದು ಕಾಲು ಬಾಗುತ್ತದೆ. ಬಾಗುವುದು ಉಕ್ಕಿಗೆ ಸುಲಭ, ಒತ್ತಿಸಿಕೊಳ್ಳುವುದು ಕಷ್ಟ. ಎಲ್ ಆಕಾರ, ಝಡ್ ಆಕಾರ, ಯು ಆಕಾರದ ಲೂಪ್, ಎಲ್ಲದರ ಹಿಂದೆಯೂ ಇದೊಂದೇ ವಿಚಾರ.

ಅಡ್ಡ ಕಾಲು ಎಷ್ಟು ಉದ್ದ ಇರಬೇಕು? ಒಂದು ಒರಟು ಲೆಕ್ಕ ಇದೆ. ಮಾಡ್ಯುಲಸ್, ಪೈಪಿನ ಹೊರ ವ್ಯಾಸ, ತಡೆದುಕೊಳ್ಳಬೇಕಾದ ಹಿಗ್ಗುವಿಕೆ, ಮೂರನ್ನೂ ಗುಣಿಸಿ ಇನ್ನೊಂದು 3ರಿಂದ ಗುಣಿಸಿ. ಅದನ್ನು ನೀವು ಒಪ್ಪುವ ಸ್ಟ್ರೆಸ್ಸಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ನಮ್ಮ 6 ಇಂಚಿನ ಪೈಪಿಗೆ (ಹೊರ ವ್ಯಾಸ 168.3 ಮಿಲಿಮೀಟರ್) 50 ಮಿಲಿಮೀಟರ್ ಹಿಗ್ಗುವಿಕೆ, 140 ಮೆಗಾಪ್ಯಾಸ್ಕಲ್ ಸ್ಟ್ರೆಸ್ ಇಟ್ಟುಕೊಂಡರೆ ಉತ್ತರ 6 ಮೀಟರ್. ಹಿಗ್ಗುವಿಕೆ ನಾಲ್ಕು ಪಟ್ಟಾದರೆ ಕಾಲು ಎರಡು ಪಟ್ಟಾದರೆ ಸಾಕು, ವರ್ಗಮೂಲದ ಕೃಪೆ. ಕಾಗದದ ಹಿಂಬದಿಯಲ್ಲಿ ಮಾಡುವ ಲೆಕ್ಕ ಇದು. ಮೊದಲ ಲೇಔಟಿಗೆ ತುಂಬಾ ಒಳ್ಳೆಯದು, ಕೊನೆಯ ಮಾತಲ್ಲ.

ಎಲ್ಬೋ (ತಿರುವಿನ ಬಾಗಿದ ತುಂಡು) ಇದ್ದರೆ ಇನ್ನೂ ಅನುಕೂಲ. ಬಾಗಿಸಿದಾಗ ಎಲ್ಬೋದ ದುಂಡು ಬಾಯಿ ಸ್ವಲ್ಪ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತದೆ. ಅದರಿಂದ ನೇರ ಪೈಪಿಗಿಂತ ಎಷ್ಟೋ ಪಟ್ಟು ಮೆತ್ತಗೆ ವರ್ತಿಸುತ್ತದೆ. 1911ರಲ್ಲಿ ಎಂಜಿನಿಯರ್ ಥಿಯೊಡೋರ್ ಫಾನ್ ಕಾರ್ಮನ್ ಇದನ್ನು ಗಣಿತದಲ್ಲಿ ಬಿಡಿಸಿಟ್ಟರು. ಆದರೆ ಮೆತ್ತಗಾಗುವುದು ಬಿಟ್ಟಿ ಅಲ್ಲ. ಆ ಜಾಗದಲ್ಲೇ ಸ್ಟ್ರೆಸ್ ಗುಂಪುಗೂಡುತ್ತದೆ. ಬಲಪಡಿಸುವ ಪ್ಯಾಡ್ ಇಲ್ಲದ ಟೀ ಜಾಯಿಂಟಿನಲ್ಲಂತೂ ಇನ್ನೂ ಜಾಸ್ತಿ.

ಲೂಪ್ ಎಲ್ಲಿ ಹಾಕಬೇಕು?

ಎರಡು ಆಂಕರ್‌ಗಳ (ಪೈಪನ್ನು ಪೂರ್ತಿ ಹಿಡಿದು ನಿಲ್ಲಿಸುವ ಜಾಗಗಳು) ಆದಷ್ಟು ಮಧ್ಯೆ. ಆಗ ಎರಡೂ ಕಡೆಯಿಂದ ಅರ್ಧರ್ಧ ಬಂದು ಸೇರುತ್ತದೆ. ಒಂದೇ ರ‍್ಯಾಕಿನಲ್ಲಿ ಹತ್ತಾರು ಬಿಸಿ ಲೈನ್ ಇದ್ದರೆ ಲೂಪುಗಳನ್ನು ಒಂದೇ ಕಡೆ, ಒಂದರೊಳಗೊಂದು ಇಡುತ್ತಾರೆ. ಅತಿ ಬಿಸಿಯ, ದೊಡ್ಡ ಪೈಪ್ ಹೊರಗಿನ ಅಂಚಿಗೆ. ಅದಕ್ಕೇ ಅಲ್ವಾ ದೊಡ್ಡ ಲೂಪ್ ಬೇಕಾಗುವುದು. ಲೂಪಿಗೆ ತೀರಾ ಹತ್ತಿರ ಗೈಡ್ (ಪಕ್ಕಕ್ಕೆ ಜರುಗದಂತೆ ತಡೆಯುವ ಆಸರೆ) ಹಾಕಿದರೆ ಕಾಲು ಬಾಗಲು ಬಿಡದೆ ಹಿಡಿದಂತೆ. ಹಬೆ ಲೈನಿನಲ್ಲಿ ಲೂಪನ್ನು ಮೇಲ್ಮುಖವಾಗಿ ನಿಲ್ಲಿಸಿದರೆ, ಅದರ ಬುಡದಲ್ಲಿ ನೀರು ಇಳಿಸಲು ಡ್ರೇನ್ ಇಡುವುದನ್ನು ಮರೆಯಬೇಡಿ.

ಪೂರಾ ಲೈನನ್ನೇ ವಕ್ರವಾಗಿ ಹಾಕುವುದೂ ಒಂದು ದಾರಿ. 1977ರಲ್ಲಿ ಎಣ್ಣೆ ಹರಿಯಲು ಶುರುವಾದ ಅಲಾಸ್ಕಾದ ದೊಡ್ಡ ಪೈಪ್‌ಲೈನ್ ನೆಲದ ಮೇಲಿರುವ ಕಡೆಯೆಲ್ಲ ಅಂಕುಡೊಂಕಾಗಿ ಸಾಗುತ್ತದೆ. ಹಿಗ್ಗಿದ್ದು ಪಕ್ಕಕ್ಕೆ ಜರುಗಲಿ ಅಂತ. ಅದರ ಶೂಗಳು (ಪೈಪಿನ ಅಡಿಗೆ ಜೋಡಿಸಿದ ಪಾದಗಳು) ಅಡ್ಡ ಬೀಮಿನ ಮೇಲೆ ಜಾರುತ್ತವೆ.

ಎಲ್ಲಾ ಲೈನಿಗೂ ಕಂಪ್ಯೂಟರ್ ಸ್ಟ್ರೆಸ್ ಅನಾಲಿಸಿಸ್ ಬೇಕಾ?

ಬೇಡ. ಒಂದೇ ಅಳತೆಯ ಪೈಪ್, ಎರಡೇ ಆಂಕರ್, ನಡುವೆ ತಡೆ ಇಲ್ಲ ಅನ್ನುವ ಸರಳ ಲೈನಿಗೆ ಎಎಸ್‌ಎಂಇ ಬಿ31.3 ಅನ್ನುವ ಅಮೆರಿಕದ ಪೈಪ್ ಕೋಡಿನಲ್ಲೇ ಒಂದು ಚಿಕ್ಕ ಸೂತ್ರ ಇದೆ. ಹೊರ ವ್ಯಾಸವನ್ನು ಒಟ್ಟು ಹಿಗ್ಗುವಿಕೆಯಿಂದ ಗುಣಿಸಿ. ಪೈಪಿನ ನಿಜವಾದ ಉದ್ದದಿಂದ ಆಂಕರ್‌ಗಳ ನೇರ ದೂರ ಕಳೆದು, ಉಳಿದದ್ದರ ವರ್ಗದಿಂದ ಭಾಗಿಸಿ. ವ್ಯಾಸ, ಹಿಗ್ಗುವಿಕೆ ಮಿಲಿಮೀಟರಿನಲ್ಲಿ, ಉದ್ದಗಳು ಮೀಟರಿನಲ್ಲಿ ಇದ್ದರೆ ಉತ್ತರ ಸುಮಾರು 208ರ ಒಳಗೆ ಬರಬೇಕು. ಇದು ನಾಝಲ್ ಮೇಲಿನ ಬಲದ ಬಗ್ಗೆ ಏನೂ ಹೇಳಲ್ಲ. ಪಂಪ್, ಟರ್ಬೈನ್, ಕಂಪ್ರೆಸರ್‌ಗೆ ಸೇರುವ ಲೈನ್, ದೊಡ್ಡ ವ್ಯಾಸದ ತೆಳು ಪೈಪ್, ತುಂಬಾ ಸಲ ಬಿಸಿ ತಣ್ಣಗಾಗುವ ಲೈನ್, ಇವಕ್ಕೆ ಪೂರ್ತಿ ಲೆಕ್ಕವೇ ಬೇಕು.

ಬೆಲ್ಲೋಸ್ (ಮಡಿಕೆ ಮಡಿಕೆಯಾದ ಲೋಹದ ತುಂಡು) ಹಾಕಿದರೆ ಇಷ್ಟೆಲ್ಲ ಜಾಗ ಉಳಿಯುತ್ತದಲ್ಲ?

ಉಳಿಯುತ್ತದೆ. ಆದರೆ ನಾನು ಕೊನೆಗೆ ಆಯ್ದುಕೊಳ್ಳುವ ದಾರಿ ಅದು. ಲೂಪಿನಲ್ಲಿ ಇರುವುದು ಬರೀ ಪೈಪ್ ಮತ್ತು ಎಲ್ಬೋ. ಬೆಲ್ಲೋಸಿನಲ್ಲಿ ಕೆಲವೇ ಮಿಲಿಮೀಟರ್, ಎಷ್ಟೋ ಸಲ ಒಂದು ಮಿಲಿಮೀಟರಿನಷ್ಟು ತೆಳು ಹಾಳೆ ಒಳಗಿನ ಒತ್ತಡವನ್ನೆಲ್ಲ ಹಿಡಿದಿರುತ್ತದೆ.

ಬೆಲ್ಲೋಸ್ ಹಾಕುವವರು ಮರೆಯುವ ಮುಖ್ಯ ಸಂಗತಿ ಒತ್ತಡದ ತಳ್ಳು. ನೇರ ಪೈಪಿನಲ್ಲಿ ಒಳಗಿನ ಒತ್ತಡ ಎರಡೂ ಕಡೆ ತಳ್ಳುವುದನ್ನು ಪೈಪಿನ ಗೋಡೆಯೇ ತಡೆದುಕೊಳ್ಳುತ್ತದೆ. ಮಧ್ಯೆ ಬೆಲ್ಲೋಸ್ ಕೂರಿಸಿದಿರಿ ಅಂದರೆ ಆ ಗೋಡೆಯನ್ನು ಕತ್ತರಿಸಿದಂತೆ. ಅಕಾರ್ಡಿಯನ್ ಎಳೆದಂತೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಸರಾಸರಿ ವ್ಯಾಸ 300 ಮಿಲಿಮೀಟರ್, ಒತ್ತಡ 10 ಬಾರ್ ಇದ್ದರೆ ತಳ್ಳು ಸುಮಾರು 7 ಟನ್. ಇದನ್ನು ಹಿಡಿಯಲು ಎರಡೂ ಕಡೆ ಮೇನ್ ಆಂಕರ್ ಬೇಕು. ಇಲ್ಲವೇ ಟೈ ರಾಡ್ (ಎರಡೂ ತುದಿಯನ್ನು ಕಟ್ಟಿಹಿಡಿಯುವ ಕಂಬಿ), ಹಿಂಜ್, ಗಿಂಬಲ್ (ಎಲ್ಲಾ ಕಡೆ ಬಾಗುವ ಕೀಲು) ಇರುವ ಬಗೆಯ ಬೆಲ್ಲೋಸ್ ಆರಿಸಬೇಕು. ಟೈ ರಾಡ್ ಇದ್ದರೆ ಉದ್ದಕ್ಕೆ ಹಿಗ್ಗಲು ಬಿಡಲ್ಲ, ಪಕ್ಕಕ್ಕೆ ಮಾತ್ರ ಬಿಡುತ್ತದೆ ಅನ್ನುವುದೂ ನೆನಪಿರಲಿ. ಉದ್ದಕ್ಕೆ ಕೆಲಸ ಮಾಡುವ ಬೆಲ್ಲೋಸಿಗೆ ಪೈಪ್ ನೇರವಾಗಿಯೇ ಬರಬೇಕು. ಅದಕ್ಕೆ ಮೊದಲ ಗೈಡ್ ವ್ಯಾಸದ 4 ಪಟ್ಟು ದೂರದೊಳಗೆ, ಎರಡನೆಯದು ಅಲ್ಲಿಂದ ಮುಂದೆ 14 ಪಟ್ಟಿನೊಳಗೆ ಅನ್ನುವ ರೂಢಿ ಇದೆ.

ಇದನ್ನೆಲ್ಲ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1974ರ ಜೂನ್ 1ರ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯ ದುರಂತ ಇದೆ. ಸಾಲಾಗಿದ್ದ ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ತೆಗೆದು, ನಾಲ್ಕು ಮತ್ತು ಆರನೆಯದರ ನಡುವೆ 20 ಇಂಚಿನ ತಾತ್ಕಾಲಿಕ ಪೈಪ್ ಹಾಕಿದ್ದರು. ಎರಡೂ ತುದಿಗೆ ಬೆಲ್ಲೋಸ್. ಎರಡು ಕಡೆಯ ಎತ್ತರ ಬೇರೆ ಬೇರೆ, ಹಾಗಾಗಿ ಪೈಪ್ ಮಧ್ಯೆ ಮುರಿದಂತೆ ಓರೆಯಾಗಿತ್ತು. ಎರಡೂ ಬೆಲ್ಲೋಸಿನ ತಳ್ಳು ಒಂದೇ ಗೆರೆಯಲ್ಲಿ ಇರಲಿಲ್ಲ, ಪೈಪನ್ನು ತಿರುಚುತ್ತಿತ್ತು. ಆ ತಿರುಚುವ ಬಲವನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಕೆಳಗೆ ಆಸರೆಗೆ ಇದ್ದದ್ದು ಸ್ಕ್ಯಾಫೋಲ್ಡಿಂಗ್. ಡ್ರಾಯಿಂಗ್ ಅಂತ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು ಮಾತ್ರ. ಆ ಪೈಪ್ ಕಿತ್ತುಬಂದು ಸುಡುವ ಸೈಕ್ಲೋಹೆಕ್ಸೇನ್ ಆವಿಯ ಮೋಡ ಸ್ಫೋಟಿಸಿತು. 28 ಜನ ಸತ್ತರು.

ಹಾಗಂತ ಬೆಲ್ಲೋಸ್ ಕೆಟ್ಟದ್ದಲ್ಲ. ಒತ್ತಡ ಕಮ್ಮಿ, ವ್ಯಾಸ ದೊಡ್ಡದು, ತಿರುವಿಗೆ ಜಾಗವೇ ಇಲ್ಲ ಅನ್ನುವ ಕಡೆ ಅದೇ ಸರಿ. ಟರ್ಬೈನಿನ ಎಕ್ಸಾಸ್ಟ್, ಫ್ಲೂ ಗ್ಯಾಸಿನ ಡಕ್ಟ್ ಇಂಥ ಜಾಗಗಳು.

ಆಂಕರ್, ಗೈಡ್, ಲೈನ್ ಸ್ಟಾಪ್, ಇವು ಒಂದೇ ಅಲ್ವಾ?

ಅಲ್ಲ. ಸುಮ್ನೆ ಕೂರಿಸುವ ಸಪೋರ್ಟ್ ತೂಕ ಮಾತ್ರ ಹೊರುತ್ತದೆ. ಗೈಡ್ ಪಕ್ಕಕ್ಕೆ ಹೋಗಲು ಬಿಡಲ್ಲ, ಉದ್ದಕ್ಕೆ ಬಿಡುತ್ತದೆ. ಲೈನ್ ಸ್ಟಾಪ್ ಉದ್ದಕ್ಕೆ ಮಾತ್ರ ತಡೆಯುತ್ತದೆ. ಆಂಕರ್ ಜರುಗುವುದನ್ನೂ ತಿರುಗುವುದನ್ನೂ ಪೂರ್ತಿ ನಿಲ್ಲಿಸುತ್ತದೆ. ಸೈಟಿನಲ್ಲಿ ಗೈಡಿನ ಎರಡು ಮಿಲಿಮೀಟರ್ ಸಂದನ್ನು "ಚೆನ್ನಾಗಿ ಕಾಣಲ್ಲ" ಅಂತ ವೆಲ್ಡ್ ತುಂಬಿ ಮುಚ್ಚಿದ್ದನ್ನು ನೋಡಿದ್ದೇನೆ. ಅಲ್ಲಿಗೆ ಅದು ಗೈಡ್ ಆಗಿ ಉಳಿಯಲಿಲ್ಲ.

ಶೂ ಉದ್ದವನ್ನೂ ನೋಡಿ. ಬೀಮಿನ ಅಂಚಿನಲ್ಲಿ ಕೂತ 300 ಮಿಲಿಮೀಟರ್ ಶೂ 250 ಮಿಲಿಮೀಟರ್ ಜರುಗಿದರೆ ಕೆಳಗೆ ಜಾರಿ ಬೀಳುತ್ತದೆ. ತಣ್ಣಗಾದಾಗ ಬೀಮಿಗೆ ಸಿಕ್ಕಿಕೊಂಡು ವಾಪಸ್ ಬರಲ್ಲ, ಬೀಮನ್ನೇ ಎಳೆಯುತ್ತದೆ. ಉಕ್ಕಿನ ಮೇಲೆ ಉಕ್ಕು ಜಾರುವಾಗ ಘರ್ಷಣೆ ಗುಣಾಂಕ 0.3 ಅಂತ ಹಿಡಿಯುತ್ತಾರೆ. ಪಿಟಿಎಫ್‌ಇ (ಟೆಫ್ಲಾನ್) ಹಾಳೆ ಹಾಕಿದರೆ 0.1ಕ್ಕೆ ಇಳಿಯುತ್ತದೆ. ಆದರೆ ಅದು ಹೆಚ್ಚು ಬಿಸಿ ತಡೆಯಲ್ಲ. ಶೂ ಬುಡವೇ ಬಿಸಿಯಾಗುವ ಕಡೆ ಗ್ರಾಫೈಟ್ ಬೇಕು.

ಸ್ಪ್ರಿಂಗ್ ಸಪೋರ್ಟ್ ಯಾವಾಗ ಬೇಕು?

ಪೈಪ್ ಮೇಲಕ್ಕೆ ಇಲ್ಲವೇ ಕೆಳಕ್ಕೆ ಜರುಗುವ ಕಡೆ. 5 ಮೀಟರ್ ಎತ್ತರದ ನಿಂತ ಪೈಪ್ 350 ಡಿಗ್ರಿಗೆ ಬಿಸಿಯಾದರೆ ಸುಮಾರು 21 ಮಿಲಿಮೀಟರ್ ಮೇಲೇಳುತ್ತದೆ. ಅದರ ತುದಿಯ ಹತ್ತಿರ ಗಟ್ಟಿ ಸಪೋರ್ಟ್ ಇಟ್ಟಿದ್ದರೆ ಪೈಪ್ ಅದನ್ನು ಬಿಟ್ಟು ಎದ್ದುಬಿಡುತ್ತದೆ. ಆಗ ತೂಕವೆಲ್ಲ ಕೆಳಗಿನ ನಾಝಲ್ ಮೇಲೆ. ಸ್ಪ್ರಿಂಗ್ ಆದರೆ ಪೈಪಿನ ಹಿಂದೆಯೇ ಏಳುತ್ತದೆ. ಏಳುವಾಗ ಹೊರುವ ತೂಕ ಸ್ವಲ್ಪ ಬದಲಾಗುತ್ತದೆ. ಮಿಲಿಮೀಟರಿಗೆ 8 ಕಿಲೋ ಗಡಸಿನ ಸ್ಪ್ರಿಂಗ್ 21 ಮಿಲಿಮೀಟರ್ ಜರುಗಿದರೆ 168 ಕಿಲೋ ವ್ಯತ್ಯಾಸ. ಬಿಸಿಯಲ್ಲಿ ಹೊರುವುದು 1,000 ಕಿಲೋ ಆದರೆ ಇದು ಶೇಕಡಾ 17. ಸಾಮಾನ್ಯವಾಗಿ ಶೇಕಡಾ 25ರವರೆಗೆ ಒಪ್ಪುತ್ತಾರೆ. ಜರುಗುವಿಕೆ ತುಂಬಾ ದೊಡ್ಡದಾದರೆ, ಎಷ್ಟೇ ಜರುಗಿದರೂ ಒಂದೇ ತೂಕ ಹೊರುವ ಕಾನ್‌ಸ್ಟಂಟ್ ಸ್ಪ್ರಿಂಗ್.

ನೀರು ತುಂಬಿಸಿ ಟೆಸ್ಟ್ ಮಾಡುವಾಗ ಸ್ಪ್ರಿಂಗ್ ಕುಸಿಯದಿರಲಿ ಅಂತ ಲಾಕ್ ಪಿನ್ ಹಾಕಿರುತ್ತಾರೆ. ಪ್ಲಾಂಟ್ ಶುರು ಮಾಡುವ ಮುಂಚೆ ಅದನ್ನು ತೆಗೆಯಬೇಕು. ತೆಗೆಯದಿದ್ದರೆ ದುಬಾರಿ ಸ್ಪ್ರಿಂಗ್ ಒಂದು ಕಬ್ಬಿಣದ ತುಂಡು ಅಷ್ಟೇ.

ಲೆಕ್ಕದಲ್ಲಿ ಸ್ಟ್ರೆಸ್ ಯೀಲ್ಡ್‌ಗಿಂತ ಜಾಸ್ತಿ ಬಂದಿದೆ. ಆದರೂ ಕೋಡ್ ಪಾಸ್ ಅನ್ನುತ್ತಿದೆ. ತಪ್ಪಾ?

ತಪ್ಪಲ್ಲ. ತೂಕ, ಒತ್ತಡದಿಂದ ಬರುವ ಸ್ಟ್ರೆಸ್ ಬೇರೆ ಜಾತಿ, ಹಿಗ್ಗುವಿಕೆಯಿಂದ ಬರುವುದು ಬೇರೆ ಜಾತಿ. ತೂಕ ಬಿಡುವುದೇ ಇಲ್ಲ, ಪೈಪ್ ಸೋತರೂ ಎಳೆಯುತ್ತಲೇ ಇರುತ್ತದೆ. ಹಿಗ್ಗುವಿಕೆಗೆ ಒಂದು ಅಳತೆ ಇದೆ. 50 ಮಿಲಿಮೀಟರ್ ಅಂದರೆ 50 ಮಿಲಿಮೀಟರ್. ಮೊದಲ ಸಲ ಬಿಸಿಯಾದಾಗ ಲೋಹ ಸ್ವಲ್ಪ ಬಿಟ್ಟುಕೊಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ತಣ್ಣಗಾದಾಗ ಉಲ್ಟಾ ದಿಕ್ಕಿನ ಸ್ಟ್ರೆಸ್ ಉಳಿಯುತ್ತದೆ. ಮುಂದಿನ ಸಲದಿಂದ ಆ ಎರಡು ತುದಿಗಳ ನಡುವೆ ಸ್ಪ್ರಿಂಗಿನಂತೆ ಓಡಾಡುತ್ತದೆ.

ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ಸ್ಟ್ರೆಸ್" ಅನ್ನುವುದಲ್ಲ, "ಎಷ್ಟು ಸಲ" ಅನ್ನುವುದು. ಕಳೆದ ಶತಮಾನದ ಮಧ್ಯದಲ್ಲಿ ಮಾರ್ಕಲ್ ಅನ್ನುವ ಎಂಜಿನಿಯರ್ ಎಲ್ಬೋ, ಟೀಗಳನ್ನು ಒಡೆಯುವವರೆಗೆ ಬಾಗಿಸಿ ಬಾಗಿಸಿ ನೋಡಿದರು. ಇವತ್ತಿನ ಕೋಡುಗಳ ಅಡಿಪಾಯ ಆ ಪರೀಕ್ಷೆಗಳೇ. ತಣ್ಣಗಿದ್ದಾಗಿನ ಅನುಮತಿ ಸ್ಟ್ರೆಸ್ಸಿನ 1.25 ಪಟ್ಟಿಗೆ ಬಿಸಿಯಾದಾಗಿನದರ 0.25 ಪಟ್ಟು ಕೂಡಿಸಿದರೆ ಸಿಗುವುದು ಮಾಮೂಲಿ ಮಿತಿ. ಇದು 7,000 ಸಲದವರೆಗೆ ಕಡಿತವಿಲ್ಲದೆ ನಡೆಯುತ್ತದೆ. ದಿನಕ್ಕೊಮ್ಮೆ ಬಿಸಿಯಾಗಿ ತಣ್ಣಗಾಗುವ ಲೈನಿಗೆ ಅದು ಸುಮಾರು 19 ವರ್ಷ. ದಿನಕ್ಕೆ ಹತ್ತು ಸಲ ಆಗುವ ಬ್ಯಾಚ್ ಪ್ಲಾಂಟಿಗೆ ಎರಡು ವರ್ಷವೂ ಇಲ್ಲ. ಅಲ್ಲಿ ಮಿತಿ ಇಳಿಸಲೇಬೇಕು.

ಮೊದಲೇ ಪೈಪ್ ಗಿಡ್ಡ ಮಾಡಿ ಎಳೆದು ಜೋಡಿಸಿದರೆ?

ಕೋಲ್ಡ್ ಸ್ಪ್ರಿಂಗ್ ಅಂತ ಇದಕ್ಕೆ ಹೆಸರು. ಅರ್ಧ ಹಿಗ್ಗುವಿಕೆಯಷ್ಟು ಗಿಡ್ಡ ಕತ್ತರಿಸಿ ಎಳೆದು ಜೋಡಿಸಿದರೆ ಬಿಸಿಯಾದಾಗ ನಾಝಲ್ ಮೇಲಿನ ಬಲ ಕಮ್ಮಿಯಾಗುತ್ತದೆ. ಆದರೆ ಸ್ಟ್ರೆಸ್ಸಿನ ಓಡಾಟ ಅಷ್ಟೇ ಇರುತ್ತದೆ, ಬರೀ ಶುರುವಾಗುವ ಜಾಗ ಬದಲು. ಅದಕ್ಕೆ ಸ್ಟ್ರೆಸ್ಸಿನಲ್ಲಿ ಕೋಡ್ ಯಾವ ರಿಯಾಯಿತಿಯನ್ನೂ ಕೊಡಲ್ಲ. ಬಲದ ಲೆಕ್ಕದಲ್ಲೂ ಎಳೆದದ್ದರ ಮೂರನೇ ಎರಡು ಭಾಗ ಮಾತ್ರ ಒಪ್ಪುತ್ತದೆ. ಸೈಟಿನಲ್ಲಿ ಸರಿಯಾಗಿ ಎಳೆದರೋ ಇಲ್ಲವೋ ಯಾರಿಗೆ ಗೊತ್ತು? ನನಗಂತೂ ಇಷ್ಟವಿಲ್ಲ. ಪಂಪ್ ಪಕ್ಕದಲ್ಲಿ ಬೇಡವೇ ಬೇಡ.

ಪಂಪಿನ ಬೇರಿಂಗ್, ಸೀಲ್ ಪದೇ ಪದೇ ಹೋಗುತ್ತಿದೆ. ಪೈಪ್ ಕಾರಣ ಇರಬಹುದಾ?

ಇರಬಹುದು. ಪೈಪಿಗೆ ಏನೂ ಅನ್ನಿಸದ ಬಲ ಪಂಪಿನ ಶಾಫ್ಟನ್ನು ಓರೆ ಮಾಡಲು ಸಾಕು. ಅದಕ್ಕೇ ಪಂಪಿಗೆ ಎಪಿಐ 610, ಸ್ಟೀಮ್ ಟರ್ಬೈನಿಗೆ ನೇಮಾ ಎಸ್‌ಎಂ 23 ಅನ್ನುವ ಸ್ಟ್ಯಾಂಡರ್ಡ್‌ಗಳಲ್ಲಿ ನಾಝಲ್ ಬಲದ ಮಿತಿಗಳಿವೆ. ಒಂದು ಸುಲಭ ಪರೀಕ್ಷೆ: ಪಂಪ್ ನಿಲ್ಲಿಸಿ, ಲೈನ್ ತಣ್ಣಗಾಗಿ ಖಾಲಿಯಾದ ಮೇಲೆ, ಶಾಫ್ಟಿಗೆ ಡಯಲ್ ಗೇಜ್ ಹಚ್ಚಿ ಫ್ಲೇಂಜಿನ ಬೋಲ್ಟ್ ಬಿಚ್ಚಿ. ಮುಳ್ಳು ಓಡಿತು ಅಂದರೆ ಪೈಪ್ ಎಳೆಯುತ್ತಿತ್ತು ಅಂತಲೇ ಅರ್ಥ. ಎರಡು ಪಂಪುಗಳಲ್ಲಿ ಒಂದು ಓಡುತ್ತಾ ಇನ್ನೊಂದು ತಣ್ಣಗೆ ಕಾಯುತ್ತಿದ್ದರೆ ಆ ಸ್ಥಿತಿಯನ್ನು ಬೇರೆಯಾಗಿ ಲೆಕ್ಕ ಹಾಕಿ. ಎರಡೂ ಬಿಸಿಯಾಗಿದ್ದಾಗ ಚೆನ್ನಾಗಿದ್ದದ್ದು ಒಂದು ಬಿಸಿ, ಒಂದು ತಣ್ಣಗೆ ಇದ್ದಾಗ ಕೆಡುವುದು ಮಾಮೂಲಿ.

ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಹಿಗ್ಗುವಿಕೆ ಕಮ್ಮಿ ಆಗುತ್ತದಾ?

ಉಲ್ಟಾ. 304, 316ರಂಥವು ಕಾರ್ಬನ್ ಸ್ಟೀಲಿಗಿಂತ ಮೂರನೇ ಒಂದು ಭಾಗ ಜಾಸ್ತಿ ಹಿಗ್ಗುತ್ತವೆ. 300 ಡಿಗ್ರಿಗೆ ಮೀಟರಿಗೆ ಸುಮಾರು 4.8 ಮಿಲಿಮೀಟರ್. ಹಳೆಯ ಲೈನಿನ ಜಾಗಕ್ಕೆ ಹಾಗೇ ಸ್ಟೇನ್‌ಲೆಸ್ ಹಾಕಿದರೆ ಹಳೆಯ ಲೂಪ್ ಸಾಲದೇ ಹೋಗಬಹುದು. ಕಾರ್ಬನ್ ಸ್ಟೀಲಿಗೆ ಸುಮಾರು 370 ಡಿಗ್ರಿಯಿಂದ ಮೇಲೆ ಕ್ರೀಪ್ ಶುರುವಾಗುತ್ತದೆ, ಅಂದರೆ ಲೋಡಿನಲ್ಲಿ ನಿಧಾನಕ್ಕೆ ಹಿಗ್ಗಿಕೊಂಡೇ ಹೋಗುವುದು. ಅಲ್ಲಿ ಕ್ರೋಮ್ ಮಾಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕುಗಳ ಕಡೆ ಹೋಗಬೇಕು. ಅವುಗಳ ಹಿಗ್ಗುವಿಕೆ ಕಾರ್ಬನ್ ಸ್ಟೀಲಿನ ಆಸುಪಾಸಿನಲ್ಲೇ ಇದೆ.

ನೇರ ಪೈಪ್ ಬಿಲ್ಲಿನಂತೆ ಮೇಲಕ್ಕೆ ಬಾಗಿದೆ. ಏಕೆ?

ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ. ಹಬೆ ಬಿಟ್ಟಾಗ ತಳದಲ್ಲಿ ನೀರು ನಿಂತರೆ ಹೀಗಾಗುತ್ತದೆ. 300 ಮಿಲಿಮೀಟರ್ ವ್ಯಾಸದ ಪೈಪಿನಲ್ಲಿ ಮೇಲೂ ಕೆಳಗೂ 50 ಡಿಗ್ರಿ ವ್ಯತ್ಯಾಸ ಇದ್ದರೆ 12 ಮೀಟರ್ ತುಂಡು ಮಧ್ಯದಲ್ಲಿ ಸುಮಾರು 36 ಮಿಲಿಮೀಟರ್ ಏಳಬಹುದು. ಡ್ರೇನ್ ತೆರೆದು, ನಿಧಾನಕ್ಕೆ ಬಿಸಿ ಮಾಡಿ. ಇದನ್ನು ಸಾಮಾನ್ಯ ಸ್ಟ್ರೆಸ್ ಲೆಕ್ಕ ತಾನಾಗಿ ಹಿಡಿಯಲ್ಲ.

ಎರಡು ವಾಲ್ವ್ ನಡುವೆ ದ್ರವ ಸಿಕ್ಕಿಕೊಂಡರೆ?

ಅದು ಬೇರೆಯೇ ಕಥೆ, ಅಲ್ಲಿ ಹಿಗ್ಗುವುದು ದ್ರವ. ಪೂರ್ತಿ ತುಂಬಿ ಮುಚ್ಚಿದ ಪೈಪಿನಲ್ಲಿ ನೀರು ಬಿಸಿಯಾದರೆ ಡಿಗ್ರಿಗೆ ಹಲವು ಬಾರ್ ಒತ್ತಡ ಏರುತ್ತದೆ. ಚಿಕ್ಕದೊಂದು ಥರ್ಮಲ್ ರಿಲೀಫ್ ವಾಲ್ವ್ ಇಡಿ.

ಲೆಕ್ಕ, ಡ್ರಾಯಿಂಗ್ ಎಲ್ಲಾ ಸರಿ ಇದೆ. ಆದರೂ ಬಿರುಕು ಬಂದಿದೆ. ಎಲ್ಲಿಂದ ಹುಡುಕಲಿ?

ಚಿಕ್ಕ ಪೈಪುಗಳಿಂದ. ದೊಡ್ಡ ಹೆಡರ್ (ಮುಖ್ಯ ಪೈಪ್) 150 ಮಿಲಿಮೀಟರ್ ಜರುಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರಿಂದ ಹೊರಟ ಮುಕ್ಕಾಲು ಇಂಚಿನ ಡ್ರೇನ್ ಎದುರಿಗೆ ಬೀಮ್ ಇದೆಯಾ ಅಂತ ಯಾರೂ ನೋಡಿರಲ್ಲ. ಒಂದು ಪ್ಲಾಂಟಿನಲ್ಲಿ ನಾವು ಮೂರು ದಿನ ಕಂಪ್ಯೂಟರ್ ಮುಂದೆ ಕೂತು ಮಾಡೆಲ್ ತಿದ್ದಿದೆವು. ಕೊನೆಗೆ ರ‍್ಯಾಕ್ ಹತ್ತಿ ನೋಡಿದರೆ ಡ್ರೇನ್ ಅಲುಗಾಡುತ್ತದೆ ಅಂತ ಯಾರೋ ಅದನ್ನು ಯು ಬೋಲ್ಟ್ ಹಾಕಿ ಬೀಮಿಗೆ ಬಿಗಿದಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಬಿರುಕು ಬಂದದ್ದು ಸರಿಯಾಗಿ ಆ ಡ್ರೇನಿನ ಬುಡದಲ್ಲಿ.

ಹಾಗಾಗಿ ತಣ್ಣಗಿದ್ದಾಗಲೇ ಒಮ್ಮೆ ಪೂರಾ ಲೈನ್ ನಡೆಯಿರಿ. ಪ್ರತಿ ಶೂ ಎಲ್ಲಿದೆ ಅಂತ ಬೀಮಿನ ಮೇಲೆ ಪೇಂಟಿನಲ್ಲಿ ಗೆರೆ ಎಳೆಯಿರಿ. ಬೆಲ್ಲೋಸ್ ಸಾಗಿಸುವಾಗ ಹಾಕಿದ ಕಂಬಿಗಳು ಹೋಗಿವೆಯಾ, ಸ್ಪ್ರಿಂಗಿನ ಪಿನ್ ಹೋಗಿವೆಯಾ ನೋಡಿ. ಬಿಸಿಯಾದ ಮೇಲೆ ಮತ್ತೆ ಹೋಗಿ ಗೆರೆಯಿಂದ ಎಷ್ಟು ಜರುಗಿದೆ ಅಳೆದು ಲೆಕ್ಕದ ಪಕ್ಕದಲ್ಲಿ ಬರೆಯಿರಿ. 80 ಮಿಲಿಮೀಟರ್ ಬರಬೇಕಾದ ಕಡೆ 15 ಬಂದಿದ್ದರೆ, ಉಳಿದ 65 ಎಲ್ಲೋ ಸಿಕ್ಕಿಕೊಂಡಿದೆ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಸಪೋರ್ಟ್ ನೋಡುತ್ತಾ ಬನ್ನಿ. ಬಣ್ಣ ಕೆರೆದುಹೋದ ಬೀಮ್, ಜಜ್ಜಿದ ಇನ್ಸುಲೇಷನ್, ಓರೆಯಾದ ಹ್ಯಾಂಗರ್ ರಾಡ್ ಸಿಗುವ ಕಡೆ ನಿಲ್ಲಿ.